ಗಾಯ ಮಾಯುವ ಬಗೆ: ಭಗಂದರ ಚಿಕಿತ್ಸೆಯ ಚರಿತ್ರೆ

ಚರಿತ್ರೆಯೆಂದರೆ ಪಟ್ಟಾಭಿಷೇಕ, ಯುದ್ಧ, ಸಂಧಿ ಇವುಗಳ ವೃತ್ತಾಂತವೆಂದು ಭಾವಿಸುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಮನುಷ್ಯನು ತನ್ನ ಮೈಯ ನೋವಿನೊಡನೆ ನಡೆಸಿದ ಹೋರಾಟಕ್ಕೂ ಒಂದು ಚರಿತ್ರೆಯುಂಟು. ಈ ಹೊತ್ತು ನಾನು ಹೇಳಹೊರಟಿರುವುದು ಅಂಥದೊಂದು ಕಥೆಯನ್ನು. ವಿಷಯವು ಭಗಂದರವೆಂಬ ರೋಗ. ಅದಕ್ಕಿಂತ ಮುಖ್ಯವಾಗಿ, ಆ ರೋಗಕ್ಕೆ ಶಸ್ತ್ರಚಿಕಿತ್ಸೆಯಾದ ಬಳಿಕ ಉಳಿಯುವ ಗಾಯವು ಮಾಯುವ ಬಗೆ. ಗುದದ್ವಾರದ ಬಳಿಯಲ್ಲಿ ಹುಟ್ಟುವ ಬೇನೆಯಾದುದರಿಂದ ನಾಲ್ಕು ಜನರ ನಡುವೆ ಇದರ ಹೆಸರೆತ್ತಲು ಹಿಂಜರಿಯುವವರೇ ಹೆಚ್ಚು. ಆ ಹಿಂಜರಿಕೆಯೇ ರೋಗಕ್ಕೆ ಅರ್ಧ ಬಲವೆಂಬುದು ಮುಂದಿನ ಮಾತುಗಳಿಂದ ತಿಳಿದೀತು.

ಮೈಸೂರಿನ ಪಶ್ಚಿಮಕ್ಕೆ ಹಬ್ಬಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ಸೀಮೆಯನ್ನು ಕಣ್ಣಮುಂದೆ ಇಟ್ಟುಕೊಂಡು ನಾನು ಮಾತನಾಡುತ್ತಿದ್ದೇನೆ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಯರು ಹರಿಯುವ ನಾಡಿದು. ರಾಗಿ, ಭತ್ತ, ಹೊಗೆಸೊಪ್ಪುಗಳನ್ನು ಬೆಳೆಯುವ ಒಕ್ಕಲುಮಕ್ಕಳ ನಾಡು. ಇಲ್ಲಿ ಬಹುಮಂದಿಗೆ ಮೈಯೇ ಬಂಡವಾಳ. ಹದ ಬಂದಾಗ ನೇಗಿಲು ಹೂಡದಿದ್ದರೆ, ಸೊಪ್ಪು ಬಲಿತಾಗ ಮುರಿದು ಬೇಯಿಸದಿದ್ದರೆ ವರ್ಷದ ದುಡಿಮೆ ಕೈಬಿಟ್ಟು ಹೋಗುತ್ತದೆ. ಆದುದರಿಂದ ಗಾಯವು ಎಷ್ಟು ದಿನಕ್ಕೆ ಮಾಯುತ್ತದೆ, ಹೊಲಕ್ಕೆ ಎಂದು ಇಳಿಯಬಹುದು ಎಂಬ ಪ್ರಶ್ನೆಗಳು ಇಲ್ಲಿ ವೈದ್ಯಶಾಸ್ತ್ರಕ್ಕೆ ಎಷ್ಟು ಸೇರಿವೆಯೋ ಒಂದು ಸಂಸಾರದ ಅನ್ನಕ್ಕೂ ಅಷ್ಟೇ ಸೇರಿವೆ.

ರೋಗದ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳುವೆನು. ಗುದನಾಳದ ಒಳಗೋಡೆಯಲ್ಲಿ ಸಣ್ಣ ಗ್ರಂಥಿಗಳುಂಟು. ಅವುಗಳಲ್ಲೊಂದರ ಬಾಯಿ ಕಟ್ಟಿಕೊಂಡು ನಂಜೇರಿದರೆ ಒಳಗೆ ಕೀವುಗಟ್ಟಿ ಕುರುವಾಗುತ್ತದೆ. ಕುರುವು ಹೊರಗಣ ಚರ್ಮದಲ್ಲಿ ಒಡೆಯುತ್ತದೆ, ನೋವು ಇಳಿಯುತ್ತದೆ, ರೋಗಿಯು ಗುಣವಾಯಿತೆಂದು ನೆಮ್ಮದಿಗೊಳ್ಳುತ್ತಾನೆ. ಆದರೆ ಒಳಗಣ ಬಾಯಿಗೂ ಹೊರಗಣ ಬಾಯಿಗೂ ನಡುವೆ ಒಂದು ಸುರಂಗ ಉಳಿದುಬಿಡುವುದುಂಟು. ಅದೇ ಭಗಂದರ, ಈಗಿನವರು ಫಿಸ್ಟುಲಾ ಎನ್ನುವುದು ಇದನ್ನೇ. ಹೊರಗಿನ ಬಾಯಿ ಕೆಲವು ವಾರ ಮುಚ್ಚಿಕೊಂಡಿದ್ದು ಮತ್ತೆ ಒಡೆದು ಕೀವು ಸುರಿಸುತ್ತದೆ. ಹೀಗೆ ಮುಚ್ಚಿ ಒಡೆದು ವರ್ಷಗಟ್ಟಲೆ ನಡೆದರೂ ಇದನ್ನು ಮೂಲವ್ಯಾಧಿಯೆಂದೇ ತಿಳಿದು ಸುಮ್ಮನಿರುವವರುಂಟು. ಕೆಲವರಲ್ಲಿ ಇದರ ಹಿಂದೆ ಕ್ಷಯವೋ ಕರುಳಿನ ಬೇರೆ ರೋಗವೋ ಅಡಗಿರುವುದೂ ಉಂಟು.

ನಮ್ಮ ಪ್ರಾಚೀನರು ಇದನ್ನು ಚೆನ್ನಾಗಿ ಬಲ್ಲರು. ಕ್ರಿಸ್ತಶಕದ ಮೊದಲ ಶತಕಗಳ ಹೊತ್ತಿಗೆ ಈಗಿನ ರೂಪವನ್ನು ತಾಳಿದ ಸುಶ್ರುತಸಂಹಿತೆಯು ಭಗಂದರವನ್ನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸಿದೆ. ಅದು ಹೇಳುವ ಬಗೆಗಳು ಐದು. ಜರಡಿಯಂತೆ ಹಲವು ಕಣ್ಣುಳ್ಳದ್ದು ಶತಪೋನಕ. ಒಂಟೆಯ ಕತ್ತಿನಂತೆ ಉಬ್ಬಿದ್ದು ಉಷ್ಟ್ರಗ್ರೀವ. ಸದಾ ಸ್ರವಿಸುವುದು ಪರಿಸ್ರಾವಿ. ಶಂಖದ ಸುತ್ತಿನಂತೆ ಒಳಗೆ ಸುತ್ತಿಕೊಂಡದ್ದು ಶಂಬೂಕಾವರ್ತ. ಆಹಾರದೊಡನೆ ನುಂಗಿದ ಎಲುಬಿನ ಚೂರು ಚುಚ್ಚಿ ಆದದ್ದು ಉನ್ಮಾರ್ಗಿ. ಶಸ್ತ್ರವು ಕೊಯ್ಯತಕ್ಕ ಆಕಾರಗಳಿಗೂ ಅಲ್ಲಿ ಹೆಸರುಗಳಿವೆ. ಒಂದು ಲಾಂಗಲಕ, ಎಂದರೆ ನೇಗಿಲಿನಂಥದು; ಇನ್ನೊಂದು ಅರ್ಧಲಾಂಗಲಕ; ಮತ್ತೊಂದು ಗೋತೀರ್ಥಕ, ದನಗಳು ನೀರಿಗಿಳಿಯುವ ದಾರಿಯ ಹೆಸರನ್ನು ಹೊತ್ತದ್ದು. ಹೊಲವನ್ನೂ ಹಳ್ಳವನ್ನೂ ಕಂಡು ಬದುಕಿದ ಜನರ ನಡುವೆ ಈ ಶಾಸ್ತ್ರ ಬೆಳೆಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇವೆಲ್ಲಕ್ಕಿಂತ ಗಮನಿಸತಕ್ಕುದು ಸುಶ್ರುತನ ಎಚ್ಚರಿಕೆ. ಹಲವು ಕಣ್ಣುಗಳಿರುವ ಭಗಂದರವನ್ನು ಒಂದೇ ಸಲ ಕೊಯ್ದು ಒಂದು ದೊಡ್ಡ ಗಾಯವನ್ನಾಗಿ ಮಾಡಬಾರದು. ಒಂದು ಭಾಗ ಮಾಯ್ದ ಮೇಲೆ ಇನ್ನೊಂದನ್ನು ಕೊಯ್ಯಬೇಕು. ಇಲ್ಲವಾದರೆ ಮಲದ ಮೇಲಣ ಹಿಡಿತವೇ ತಪ್ಪುತ್ತದೆ ಎಂದು ಅವನು ಹೇಳುತ್ತಾನೆ. ಇಂದಿನ ಶಸ್ತ್ರವೈದ್ಯರಿಗೂ ಇದೇ ದೊಡ್ಡ ಚಿಂತೆ. ಗುದದ್ವಾರವನ್ನು ಮುಚ್ಚಿ ತೆರೆಯುವ ಬಳೆಯಂಥ ಸ್ನಾಯುಗಳ ನಡುವೆಯೇ ಸುರಂಗವು ಹಾದುಹೋಗುತ್ತದೆ. ಕಡಿಮೆ ಕೊಯ್ದರೆ ರೋಗ ಮರುಕಳಿಸುತ್ತದೆ. ಹೆಚ್ಚು ಕೊಯ್ದರೆ ಹಿಡಿತ ಹೋಗುತ್ತದೆ. ಎರಡರ ನಡುವಣ ದಾರಿ ಕಿರಿದು.

ಈ ಇಕ್ಕಟ್ಟಿನಿಂದಲೇ ದಾರದ ಚಿಕಿತ್ಸೆ ಹುಟ್ಟಿತೆಂದು ತೋರುತ್ತದೆ. ಬಡಕಲಾದವರು, ದುರ್ಬಲರು, ಶಸ್ತ್ರಕ್ಕೆ ಅಂಜುವವರು, ಮರ್ಮಸ್ಥಾನದಲ್ಲಿ ವ್ರಣವುಳ್ಳವರು, ಇಂಥವರಿಗೆ ಕತ್ತಿಯ ಬದಲು ಕ್ಷಾರಸೂತ್ರವನ್ನು, ಎಂದರೆ ಕ್ಷಾರವನ್ನು ಹೀರಿದ ದಾರವನ್ನು, ಬಳಸತಕ್ಕದ್ದೆಂದು ಸುಶ್ರುತನು ವಿಧಿಸಿದನು. ಶಲಾಕೆಯ ಸಹಾಯದಿಂದ ದಾರವನ್ನು ಸುರಂಗದೊಳಗೆ ಹಾಯಿಸಿ ಎರಡು ತುದಿಗಳನ್ನೂ ಹೊರಗೆ ಕಟ್ಟುವರು. ದಾರವು ಸ್ವಲ್ಪಸ್ವಲ್ಪವಾಗಿ ಮಾಂಸವನ್ನು ಕೊಯ್ಯುತ್ತ ಬರುತ್ತದೆ. ಅದರ ಹಿಂದೆಯೇ ಗಾಯವು ಮಾಯುತ್ತ ಬರುತ್ತದೆ. ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನು ಈ ದಾರಕ್ಕೆ ಕಳ್ಳಿಯ ಹಾಲನ್ನೂ ಅರಿಶಿನವನ್ನೂ ಬಳಸುವ ಕ್ರಮವನ್ನು ಬರೆದಿಟ್ಟನು. ಗ್ರೀಸ್ ದೇಶದಲ್ಲಿ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಬಂದ ಗ್ರಂಥದಲ್ಲಿಯೂ ನಾರಿನ ದಾರಕ್ಕೆ ಕುದುರೆಯ ಕೂದಲನ್ನು ಸುತ್ತಿ ಇದೇ ರೀತಿ ಹಾಯಿಸಿ ಕಟ್ಟುವ ವಿಧಾನವುಂಟು. ದೂರದೂರದ ಎರಡು ನಾಡುಗಳು ಒಂದೇ ಕಷ್ಟಕ್ಕೆ ಒಂದೇ ಉಪಾಯವನ್ನು ಕಂಡವು.

ಕೊಯ್ದ ಬಳಿಕ ಏನು? ಇಲ್ಲಿಯೇ ಸುಶ್ರುತನ ಹಿರಿಮೆ ಹೆಚ್ಚಾಗಿ ಕಾಣುವುದು. ವ್ರಣಕ್ಕೆ ಮಾಡತಕ್ಕ ಉಪಚಾರಗಳು ಅರವತ್ತು ಎಂದು ಅವನು ಎಣಿಸುತ್ತಾನೆ. ಕೆಟ್ಟ ಗಾಯ, ಶುದ್ಧವಾದ ಗಾಯ, ಮಾಯುತ್ತಿರುವ ಗಾಯ, ಮಾಯ್ದ ಗಾಯ ಎಂದು ನಾಲ್ಕು ಅವಸ್ಥೆಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಾನೆ. ಗಾಯಗೊಂಡವನು ಇರತಕ್ಕ ಮನೆ ಹೇಗಿರಬೇಕು, ಹಾಸಿಗೆ ಹೇಗಿರಬೇಕು, ಬಳಿಯಲ್ಲಿ ಕುಳಿತು ಮನಸ್ಸಿಗೆ ಹಿತವಾದ ಕಥೆಗಳನ್ನು ಹೇಳುವ ಗೆಳೆಯರಿರಬೇಕು ಎಂಬುದಕ್ಕೂ ಅವನಲ್ಲಿ ಒಂದು ಅಧ್ಯಾಯವೇ ಉಂಟು. ಭಗಂದರದ ಗಾಯ ಮಾಯ್ದ ಮೇಲೂ ಒಂದು ಸಂವತ್ಸರ ಕಾಲ ವ್ಯಾಯಾಮ, ಸ್ತ್ರೀಸಂಗ, ಕೋಪ, ಆನೆಕುದುರೆಗಳ ಮೇಲಣ ಸವಾರಿ, ಜಡವಾದ ಆಹಾರ ಇವುಗಳನ್ನು ಬಿಡಬೇಕೆಂದು ವಿಧಿಸುತ್ತಾನೆ. ಒಂದು ವರ್ಷವೆಂಬ ಈ ಮಾತನ್ನು ನೆನಪಿನಲ್ಲಿಡಿ. ಇದಕ್ಕೆ ಮತ್ತೆ ಬರುತ್ತೇನೆ.

ಕನ್ನಡನಾಡಿನಲ್ಲಿಯೂ ವೈದ್ಯಗ್ರಂಥಗಳ ಪರಂಪರೆ ಹಳೆಯದು. ಸುಮಾರು ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಮದ್ಯ, ಮಾಂಸ, ಜೇನು ಈ ಮೂರನ್ನೂ ಬಿಟ್ಟು ಚಿಕಿತ್ಸೆಯನ್ನು ಹೇಳುವುದು ಆ ಜೈನಸಂಪ್ರದಾಯದ ವೈಶಿಷ್ಟ್ಯ. ಸುಶ್ರುತನಾದರೋ ಎಳ್ಳಿನ ಕಲ್ಕಕ್ಕೆ ಜೇನನ್ನೂ ತುಪ್ಪವನ್ನೂ ಕೂಡಿಸಿ ಗಾಯಕ್ಕೆ ಹಚ್ಚುವುದನ್ನು ಬಹಳವಾಗಿ ಹೊಗಳಿದವನು. ಹೆಗ್ಗಡದೇವನಕೋಟೆಯ ಕಾಡುಗಳ ಜೇನುಕುರುಬರಿಗೆ ಕುಲದ ಹೆಸರನ್ನೇ ಕೊಟ್ಟ ಈ ಜೇನಿಗೆ ಗಾಯದ ಕ್ರಿಮಿಗಳನ್ನು ತಡೆಯುವ ಗುಣವುಂಟೆಂಬುದನ್ನು ಈಗಿನ ವಿಜ್ಞಾನವೂ ಒಪ್ಪಿದೆ. ಅದರ ಸಾಂದ್ರವಾದ ಸಕ್ಕರೆಯೂ ಹುಳಿಯೂ ಕ್ರಿಮಿಗಳು ಬೆಳೆಯಗೊಡವು. ಹಾಗೆಂದು ಸಂತೆಯಲ್ಲಿ ಕೊಂಡ ಜೇನನ್ನು ಶಸ್ತ್ರದ ಗಾಯಕ್ಕೆ ತಾವಾಗಿಯೇ ಸುರಿದುಕೊಳ್ಳುವುದು ತರವಲ್ಲ. ಆಸ್ಪತ್ರೆಗಳಲ್ಲಿ ಬಳಸುವುದು ಕ್ರಿಮಿರಹಿತವಾಗಿ ಶುದ್ಧಿಮಾಡಿದ ಜೇನು.

ಇನ್ನು ಯೂರೋಪಿನ ಕಡೆಗೆ ತಿರುಗೋಣ. ಇಂಗ್ಲೆಂಡಿನ ಜಾನ್ ಆರ್ಡರ್ನನು ೧೩೭೬ರಲ್ಲಿ ಭಗಂದರವನ್ನೇ ಕುರಿತು ಒಂದು ಗ್ರಂಥವನ್ನು ಬರೆದನು. ಕೊಯ್ದ ಗಾಯಕ್ಕೆ ಸುಡುವ ಲೇಪಗಳನ್ನು ತುಂಬಿ ಅದನ್ನು ಮತ್ತೆ ಕೆಡಿಸುತ್ತಿದ್ದ ಸಮಕಾಲೀನರ ಪದ್ಧತಿಯನ್ನು ಅವನು ತೊರೆದು ಸೌಮ್ಯವಾದ ಉಪಚಾರವನ್ನು ಹಿಡಿದನು. ಆದರೆ ಈ ರೋಗಕ್ಕೆ ಜಗತ್ತಿನ ಚರಿತ್ರೆಯಲ್ಲಿ ಹೆಸರು ತಂದುಕೊಟ್ಟವನು ಫ್ರಾನ್ಸಿನ ಹದಿನಾಲ್ಕನೆಯ ಲೂಯಿ. ೧೬೮೬ರ ಮೊದಲಲ್ಲಿ ಅವನಿಗೆ ಕುರು ಕಾಣಿಸಿತು. ಲೇಪ ಮೊದಲಾದವುಗಳಲ್ಲಿ ತಿಂಗಳುಗಳು ಕಳೆದವು. ಕಡೆಗೆ ಶಸ್ತ್ರವೈದ್ಯ ಫೆಲಿಕ್ಸನಿಗೆ ಅಪ್ಪಣೆಯಾಯಿತು. ಅವನು ಪ್ಯಾರಿಸ್ಸಿನ ಆಸ್ಪತ್ರೆಗಳ ಬಡರೋಗಿಗಳ ಮೇಲೆ ಕೈ ಪಳಗಿಸಿಕೊಂಡು, ಆ ವರ್ಷದ ನವೆಂಬರ್ ೧೮ರಂದು ದೊರೆಗೆ ಶಸ್ತ್ರಚಿಕಿತ್ಸೆ ಮಾಡಿದನು. ಕತ್ತಿಯ ಕೆಲಸ ಸುಸೂತ್ರವಾಗಿ ಮುಗಿಯಿತು. ಗಾಯವು ಮಾತ್ರ ದೊರೆಯ ಅಪ್ಪಣೆಗೆ ಕಾಯಲಿಲ್ಲ. ಅದು ಸರಿಯಾಗಿ ಕೂಡಿಕೊಳ್ಳದೆ ಡಿಸೆಂಬರಿನಲ್ಲಿ ಮತ್ತೆ ಕೊಯ್ಯಬೇಕಾಯಿತು. ೧೬೮೭ರ ಜನವರಿಯ ಹೊತ್ತಿಗೆ ದೊರೆ ಚೇತರಿಸಿಕೊಂಡನು.

ಈ ಕಥೆಗೆ ಒಂದು ಕರುಣಾಜನಕವಾದ ಬಾಲವುಂಟು. ದೊರೆ ಗುಣಹೊಂದಿದ ಸಂತೋಷಕ್ಕಾಗಿ ಆಸ್ಥಾನದ ಸಂಗೀತಗಾರ ಲುಲ್ಲಿಯು ೧೬೮೭ರ ಜನವರಿ ೮ರಂದು ವಾದ್ಯಮೇಳವನ್ನು ನಡೆಸುತ್ತಿದ್ದನು. ತಾಳಕ್ಕೆಂದು ನೆಲಕ್ಕೆ ಕುಟ್ಟುತ್ತಿದ್ದ ಕೋಲು ಅವನ ಕಾಲ್ಬೆರಳಿಗೆ ಬಡಿಯಿತು. ಆ ಅಲ್ಪವಾದ ಗಾಯವು ಕೊಳೆತು ಮಾರ್ಚಿ ೨೨ರಂದು ಅವನು ಮೃತನಾದನು. ದೊರೆಯ ದೊಡ್ಡ ಗಾಯ ಮಾಯಿತು. ಆ ಗಾಯ ಮಾಯ್ದುದನ್ನು ಹಾಡಿದವನು ಬೆರಳಿನ ಗಾಯದಿಂದ ಸತ್ತನು. ಗಾಯಗಳು ಏಕೆ ಕೊಳೆಯುತ್ತವೆಂಬುದು ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ.

ತಿಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೩೫ರಲ್ಲಿ ಫ್ರೆಡರಿಕ್ ಸಾಲ್ಮನ್ ಎಂಬ ವೈದ್ಯನು ಲಂಡನ್ನಿನಲ್ಲಿ ಬಡವರಿಗಾಗಿ ತೆರೆದ ಚಿಕಿತ್ಸಾಲಯವು ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆಯೆಂದು ಹೆಸರಾಗಿ, ಈ ರೋಗಗಳ ವಿದ್ಯೆಗೆ ತವರಾಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನಿಗೆ ೧೮೪೧ರಲ್ಲಿ ಭಗಂದರದ ಶಸ್ತ್ರಚಿಕಿತ್ಸೆ ಮಾಡಿದವನು ಈ ಸಾಲ್ಮನ್ನನೇ. ಆಗ ಅರಿವು ತಪ್ಪಿಸುವ ಮದ್ದಿರಲಿಲ್ಲ. ೧೮೪೬ರಲ್ಲಿ ಈಥರೂ ೧೮೪೭ರಲ್ಲಿ ಕ್ಲೋರೋಫಾರಮ್ಮೂ ಬಳಕೆಗೆ ಬಂದವು. ೧೮೬೭ರಲ್ಲಿ ಲಿಸ್ಟರನು ಗಾಯ ಕೊಳೆಯುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂಬ ಆಧಾರದ ಮೇಲೆ ತನ್ನ ನಂಜುನಿವಾರಕ ಪದ್ಧತಿಯನ್ನು ಪ್ರಕಟಿಸಿದನು.

ಈ ಹೊಸ ವಿದ್ಯೆಯೂ ಹಳೆಯ ವಿದ್ಯೆಯೂ ನಮ್ಮ ಮೈಸೂರಿನಲ್ಲಿ ನೆರೆಹೊರೆಯಾಗಿ ನೆಲೆಗೊಂಡವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ೧೯೦೮ರಲ್ಲಿ, ಆಯುರ್ವೇದ ಕಾಲೇಜು ಸ್ಥಾಪಿತವಾಯಿತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಬಂದು ಕೃಷ್ಣರಾಜೇಂದ್ರ ಆಸ್ಪತ್ರೆಯೊಡನೆ ಕೂಡಿಕೊಂಡಿತು. ಸಯ್ಯಾಜಿರಾವ್ ರಸ್ತೆಯ ಆಯುರ್ವೇದ ಕಾಲೇಜಿಗೆ ಕೂಗಳತೆಯಲ್ಲಿಯೇ ಈ ದೊಡ್ಡ ಆಸ್ಪತ್ರೆಯಿದೆ. ಹುಣಸೂರಿನಿಂದಲೋ ಕೋಟೆಯಿಂದಲೋ ಬಸ್ಸಿಳಿದು ಬಂದ ರೋಗಿಗೆ ಕತ್ತಿಯ ದಾರಿಯೂ ದಾರದ ದಾರಿಯೂ ಒಂದೇ ಆವರಣದ ಸುತ್ತಿನಲ್ಲಿ ದೊರೆಯುವುದು ಸಾಮಾನ್ಯವಾದ ಅನುಕೂಲವಲ್ಲ.

ದಾರದ ಚಿಕಿತ್ಸೆ ಮತ್ತೆ ಮೇಲಕ್ಕೆ ಬಂದುದು ಕಾಶಿಯಲ್ಲಿ. ನಮ್ಮ ನಾಲ್ವಡಿಯವರೇ ಮೊದಲ ಕುಲಪತಿಗಳಾಗಿದ್ದ ಕಾಶೀ ಹಿಂದೂ ವಿಶ್ವವಿದ್ಯಾನಿಲಯದಲ್ಲಿ, ೧೯೬೦ರ ದಶಕದಲ್ಲಿ, ಪಿ. ಜೆ. ದೇಶಪಾಂಡೆಯವರೂ ಅವರ ಸಂಗಡಿಗರೂ ಕ್ಷಾರಸೂತ್ರವನ್ನು ಹೊಸದಾಗಿ ಪರೀಕ್ಷಿಸಿ ಒಂದು ಕ್ರಮಕ್ಕೆ ತಂದರು. ನಾರಿನ ದಾರಕ್ಕೆ ಕಳ್ಳಿಯ ಹಾಲನ್ನು ಹನ್ನೊಂದು ಸಲ, ಹಾಲಿನೊಡನೆ ಉತ್ತರಾಣಿಯ ಕ್ಷಾರವನ್ನು ಏಳು ಸಲ, ಹಾಲಿನೊಡನೆ ಅರಿಶಿನವನ್ನು ಮೂರು ಸಲ, ಹೀಗೆ ಒಟ್ಟು ಇಪ್ಪತ್ತೊಂದು ಲೇಪಗಳನ್ನು ಕೊಡುವರು. ನಮ್ಮ ಬೇಲಿ ಹಿತ್ತಲುಗಳಲ್ಲಿಯೇ ಸಿಕ್ಕುವ ಪದಾರ್ಥಗಳಿವು. ವಾರಕ್ಕೊಮ್ಮೆ ದಾರವನ್ನು ಬದಲಾಯಿಸುವರು. ವಾರಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಸುರಂಗ ಕೊಯ್ದುಕೊಳ್ಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಲವು ಆಸ್ಪತ್ರೆಗಳಲ್ಲಿ ಎರಡು ವಿಧಾನಗಳನ್ನೂ ತೂಗಿನೋಡಿ ೧೯೯೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ದಾರದಿಂದ ಗುಣವಾಗಲು ಸುಮಾರು ೮ ವಾರ ಹಿಡಿಯಿತು, ಕತ್ತಿಯಿಂದ ೪ ವಾರ. ಆದರೆ ರೋಗ ಮರುಕಳಿಸಿದುದು ದಾರದವರಲ್ಲಿ ನೂರಕ್ಕೆ ೪ ಮಂದಿಗೆ, ಕತ್ತಿಯವರಲ್ಲಿ ೧೧ ಮಂದಿಗೆ. ಬೇಗ ಬೇಕೋ ಭದ್ರ ಬೇಕೋ ಎಂಬುದನ್ನು ಸುರಂಗದ ರೀತಿಯನ್ನು ನೋಡಿ ತಜ್ಞರೇ ನಿರ್ಣಯಿಸತಕ್ಕದ್ದು. ರಸ್ತೆಯ ಬದಿಯಲ್ಲಿ ಹಲಗೆ ಬರೆಸಿ ಒಂದೇ ದಿನದಲ್ಲಿ ಗುಣಪಡಿಸುವೆವೆಂದು ಸುಡುವ ಮದ್ದನ್ನು ಚುಚ್ಚುವವರಿಗೆ ಈ ಎರಡು ವಿದ್ಯೆಗಳಲ್ಲಿ ಯಾವುದೂ ಸೇರಿದ್ದಲ್ಲ.

ಈಗ ಗಾಯದ ಮಾತಿಗೆ ಬರೋಣ. ಸುರಂಗವನ್ನು ಕೊಯ್ದು ತೆರೆದ ಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ಬಾಯಿ ತೆರೆದ ಗಾಯವನ್ನು ಹಾಗೆಯೇ ಮನೆಗೆ ಕಳುಹಿಸಿದರೆಂದು ಬಂಧುಗಳು ಬೇಸರಪಡುವುದುಂಟು. ಅದರಲ್ಲಿ ಮರ್ಮವಿದೆ. ಗಾಯವು ತಳದಿಂದ ಮೇಲಕ್ಕೆ ತುಂಬಿಬರಬೇಕು. ಮೊದಲು ರಕ್ತ ನಿಲ್ಲುತ್ತದೆ. ಮೂರುನಾಲ್ಕು ದಿನ ದೇಹವು ಸತ್ತ ಕಣಗಳನ್ನೂ ಕ್ರಿಮಿಗಳನ್ನೂ ಗುಡಿಸಿಹಾಕುತ್ತದೆ. ಅನಂತರ ಕೆಂಪಾದ ಹರಳುಹರಳಿನ ಹೊಸ ಮಾಂಸಾಂಕುರಗಳು ತಳದಲ್ಲಿ ಏಳುತ್ತವೆ. ಕಡೆಗೆ ಅಂಚಿನಿಂದ ಚರ್ಮವು ಹರಿದುಬಂದು ಮುಚ್ಚುತ್ತದೆ. ತಳ ತುಂಬುವ ಮೊದಲೇ ಮೇಲುಚರ್ಮ ಕೂಡಿಕೊಂಡರೆ ಒಳಗೆ ಟೊಳ್ಳು ಉಳಿದು ಕೀವುಗಟ್ಟುತ್ತದೆ. ಭಗಂದರ ಮತ್ತೆ ಹುಟ್ಟುತ್ತದೆ. ಹೊರಗೆ ನೋಡಲು ಮಾಯ್ದಂತಿರುವ ಗಾಯವೇ ಇಲ್ಲಿ ಹೆಚ್ಚು ಅಪಾಯಕಾರಿ. ಪಟ್ಟಿ ಬದಲಾಯಿಸಲು ವೈದ್ಯರು ಕರೆದ ದಿನ ತಪ್ಪದೆ ಹೋಗಬೇಕೆನ್ನುವುದು ಈ ಕಾರಣಕ್ಕೆ. ನೋವು ಹೋಯಿತು, ಇನ್ನೇಕೆ ಬಸ್ಸಿನ ಖರ್ಚು ಎಂದು ಮೂರನೆಯ ವಾರದಲ್ಲಿ ನಿಲ್ಲಿಸಿದವನು ಉಳಿಸಿದ ಹಣದ ಹಲವು ಪಾಲನ್ನು ಮುಂದಿನ ವರ್ಷ ಕಳೆದುಕೊಳ್ಳಬಹುದು.

ಮಲ ಹಾಯುವ ಸ್ಥಳದಲ್ಲಿ ಗಾಯವು ಶುದ್ಧವಾಗಿರುವುದಾದರೂ ಹೇಗೆಂದು ಕೇಳಬಹುದು. ಅಲ್ಲಿ ರಕ್ತಸಂಚಾರ ಸಮೃದ್ಧವಾಗಿರುವುದರಿಂದಲೂ ಗಾಯವು ತೆರೆದಿದ್ದು ಕೀವು ನಿಲ್ಲದೆ ಹರಿದುಹೋಗುವುದರಿಂದಲೂ ಅದು ಮಾಯುತ್ತದೆ. ನಾವು ಮಾಡತಕ್ಕದ್ದು ಸರಳ. ಶೌಚಕ್ಕೆ ಹೋಗಿಬಂದ ಮೇಲೆ ಅಗಲವಾದ ಬೋಗುಣಿಯಲ್ಲಿ ಉಗುರುಬೆಚ್ಚನೆಯ ನೀರು ತುಂಬಿ ಹತ್ತು ಹದಿನೈದು ನಿಮಿಷ ಕುಳಿತಿರಬೇಕು. ಸುಶ್ರುತನು ಹೇಳುವ ಅವಗಾಹವು ಇದರ ಪೂರ್ವರೂಪ. ಬಳಿಕ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರಸಬೇಕು, ಉಜ್ಜಬಾರದು.

ಮಲವು ಮೆದುವಾಗಿರುವುದು ಇನ್ನೊಂದು ಮುಖ್ಯ ಸಂಗತಿ. ಇದಕ್ಕೆ ನಮ್ಮ ಸೀಮೆಯ ಊಟವೇ ಮದ್ದು: ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಕಾಳು, ಮಜ್ಜಿಗೆ, ಸಾಕಷ್ಟು ನೀರು, ಖಾರ ಮಾತ್ರ ಕಡಿಮೆಯಿರಲಿ. ಆದರೆ ಗಾಯವಾದವನಿಗೆ ಬದನೆ ನಂಜು, ಸೊಪ್ಪು ನಂಜು ಎಂದು ಬರಿಯ ಅನ್ನದ ಗಂಜಿ ಕೊಡುವ ಮನೆಗಳುಂಟು. ಬದನೆಯಿಂದ ಗಾಯ ಕೊಳೆಯುತ್ತದೆಂಬುದಕ್ಕೆ ಈಗಿನ ವೈದ್ಯದಲ್ಲಿ ಆಧಾರವಿಲ್ಲ; ಬರಿಯ ಗಂಜಿಯಿಂದ ಮಲ ಕಟ್ಟುವುದೂ ಮೈ ಸೊರಗುವುದೂ ನಿಜ. ೧೫೦೮ರ ಸುಮಾರಿನಲ್ಲಿ ಸೂಪಶಾಸ್ತ್ರವೆಂಬ ಅಡುಗೆಯ ಕಾವ್ಯವನ್ನೇ ರಚಿಸಿದ ಮೂರನೆಯ ಮಂಗರಸನು ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭು. ಕಾಯಿಪಲ್ಯಗಳ ಅಡುಗೆಗೆ ಕಾವ್ಯದ ಗೌರವ ಕೊಟ್ಟ ನೆಲದಲ್ಲಿ ರೋಗಿಯ ಎಲೆಯಿಂದ ಅವುಗಳನ್ನು ತೆಗೆಯುವುದು ಚೆನ್ನಲ್ಲ. ಹೊಸ ಮಾಂಸ ಹುಟ್ಟಲು ಕಾಳು, ಹಾಲು, ಮೊಟ್ಟೆಗಳ ಸತ್ವ ಬೇಕು. ನಿಂಬೆ ನೆಲ್ಲಿಕಾಯಿಗಳ ಸತ್ವವೂ ಬೇಕು. ೧೭೪೦ರಿಂದ ೧೭೪೪ರವರೆಗೆ ಭೂಪ್ರದಕ್ಷಿಣೆ ಮಾಡಿದ ಆನ್ಸನ್ನನ ನೌಕಾಪಡೆಯಲ್ಲಿ ಹಣ್ಣುಸೊಪ್ಪುಗಳಿಲ್ಲದೆ ಸ್ಕರ್ವಿ ರೋಗ ಹತ್ತಿತು. ಐವತ್ತು ವರ್ಷಗಳ ಹಿಂದೆ ಯುದ್ಧದಲ್ಲಿ ಗಾಯಗೊಂಡು ಮಾಯ್ದಿದ್ದ ಒಬ್ಬನ ಗಾಯಗಳು ಮತ್ತೆ ತೆರೆದುಕೊಂಡವೆಂದು ಆ ಯಾತ್ರೆಯ ವೃತ್ತಾಂತದಲ್ಲಿ ಬರೆದಿದೆ. ಗಾಯದ ಕಲೆಯೂ ಜೀವಂತವಾದ ವಸ್ತು. ಅದನ್ನು ದೇಹವು ಸದಾ ನೇಯುತ್ತಲೇ ಇರುತ್ತದೆ.

ಸುಶ್ರುತನ ಸಂವತ್ಸರದ ಮಾತನ್ನು ಈಗ ನೆನೆಯಿರಿ. ಗಾಯ ಮುಚ್ಚಿದ ಮೇಲೂ ಒಳಗಣ ನಾರುಗಳು ಬಿಗಿದು ಬಲಗೊಳ್ಳುವ ಕೆಲಸ ತಿಂಗಳುಗಟ್ಟಲೆ, ಒಂದು ವರ್ಷ ಅಥವಾ ಅದಕ್ಕೂ ಮೇಲೆ ನಡೆಯುತ್ತದೆಂದು ಆಧುನಿಕ ಶಾಸ್ತ್ರ ಹೇಳುತ್ತದೆ. ಒಂದು ವರ್ಷ ಹೊಲಕ್ಕೆ ಇಳಿಯಬಾರದೆಂದು ಇದರ ಅರ್ಥವಲ್ಲ. ನಡೆದಾಡುವುದು ಮೊದಲ ದಿನಗಳಿಂದಲೂ ಒಳ್ಳೆಯದೇ. ಭಾರ ಹೊರುವುದು, ಗುಂಡಿಬಿದ್ದ ದಾರಿಯಲ್ಲಿ ಮೋಟಾರು ಸೈಕಲ್ಲು, ಟ್ರ್ಯಾಕ್ಟರುಗಳ ಸವಾರಿ ಇವುಗಳನ್ನು ವೈದ್ಯರು ಹೇಳುವವರೆಗೆ ತಡೆದಿರಬೇಕು. ಆನೆಕುದುರೆಗಳ ಸ್ಥಾನದಲ್ಲಿ ಇಂದು ನಮಗಿರುವುವು ಇವೇ.

ಹೊಗೆಸೊಪ್ಪಿನ ವಿಷಯವನ್ನೂ ಹೇಳದಿರಲಾಗದು. ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪು ದೇಶವಿದೇಶಗಳಿಗೆ ಹೋಗುತ್ತದೆ. ಸಾವಿರಾರು ಮನೆಗಳು ಅದರಿಂದ ಬದುಕಿವೆ. ಆದರೂ ಬೆಳೆದವನು ತನ್ನ ಗಾಯದ ಮಟ್ಟಿಗೆ ಅದನ್ನು ದೂರವಿಡಬೇಕು. ಅದರಲ್ಲಿರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಬರತಕ್ಕ ರಕ್ತವನ್ನು ಕಡಿಮೆಮಾಡುತ್ತದೆ. ಬೀಡಿ ಸೇದುವವರ ಗಾಯ ನಿಧಾನವಾಗಿ ಮಾಯುತ್ತದೆ. ಸಕ್ಕರೆ ಕಾಯಿಲೆಯವರು ಸಕ್ಕರೆಯನ್ನು ಹತೋಟಿಯಲ್ಲಿಡದಿದ್ದರೂ ಫಲ ಇದೇ. ಜ್ವರ ಬಂದರೆ, ಇಳಿಯುತ್ತಿದ್ದ ನೋವು ಏರತೊಡಗಿದರೆ, ರಕ್ತ ನಿಲ್ಲದಿದ್ದರೆ, ಮೂತ್ರ ಕಟ್ಟಿದರೆ, ಒಣಗಿದ ಗಾಯದಲ್ಲಿ ಮತ್ತೆ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎರಡು ಸಾವಿರ ವರ್ಷಗಳ ಈ ಚರಿತ್ರೆಯಲ್ಲಿ ಕತ್ತಿಗಳು ಬದಲಾದವು, ಮದ್ದುಗಳು ಬದಲಾದವು. ಗಾಯ ಮಾಯುವ ಕ್ರಮ ಬದಲಾಗಲಿಲ್ಲ. ಅದು ದೊರೆಗೂ ಅದೇ, ಒಕ್ಕಲಿಗನಿಗೂ ಅದೇ. ಫ್ರಾನ್ಸಿನ ದೊರೆಯ ರೋಗವನ್ನು ಅರಮನೆಯೆಲ್ಲ ಬಲ್ಲದು. ಅವನೇನೂ ಮಾನ ಕಳೆದುಕೊಳ್ಳಲಿಲ್ಲ. ನಮ್ಮ ಹಳ್ಳಿಗಳಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳು, ಗಂಡನಿಗೂ ತಾಯಿಗೂ ಹೇಳದೆ ವರ್ಷಗಳನ್ನು ಕಳೆಯುತ್ತಾರೆ. ಬೇಗ ಹೇಳಿದವರ ಸುರಂಗ ಚಿಕ್ಕದು, ಗಾಯವೂ ಚಿಕ್ಕದು. ಮನೆಯಲ್ಲಿ ಯಾರಾದರೂ ಕುಳಿತುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರೆ ಹಿರಿಯರು ಮೆಲ್ಲನೆ ವಿಚಾರಿಸಿ ವೈದ್ಯರ ಬಳಿಗೆ ಕರೆದೊಯ್ಯಲಿ. ಗಾಯವಾದ ಮೇಲೆ ನೀರು ಕಾಯಿಸಿಕೊಡುವ ಒಂದು ಕೈಯೂ, ಅವರ ಪಾಲಿನ ಹೊಲದ ಕೆಲಸಕ್ಕೆ ಒಂದು ಹೆಗಲೂ ಮನೆಯಲ್ಲಿ ಒದಗಲಿ.